ಖಾಲಿ ಗಾಡಿಯ ಬದಿ

ಮಂಗಳವಾರ ಬೆಳಗ್ಗೆ ಹನ್ನೊಂದೂವರೆಗೆ, ಪ್ರೌಢಶಾಲೆಯ ಮುಂದಿನ ರಸ್ತೆಗೆ ಹಂಪ್ ಬೇಕಾಗಿಲ್ಲ ಎಂದು ಎಂಜಿನಿಯರ್ ಸಂಜೀವಕುಮಾರ ಹೇಳಿದರು.

ಹೇಳಿದ್ದು ಶಾಲೆಯ ಗೇಟಿನಲ್ಲೇ ನಿಂತು. ಮೂರು ವಾರದ ಹಿಂದೆ ಇದೇ ಗೇಟಿನ ಮುಂದೆ ಖಾಲಿ ಟಿಪ್ಪರ್ ಬಡಿದು ಒಂಬತ್ತನೆಯ ತರಗತಿಯ ಐಶ್ವರ್ಯಳ ಬಲಗಾಲು ಎರಡು ಕಡೆ ಮುರಿದಿತ್ತು. ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೋಗುವ ಈ ರಸ್ತೆ ಊರೊಳಗೆ ಗೆರೆ ಎಳೆದ ಹಾಗೆ ನೆಟ್ಟಗಿದೆ. ಜಲ್ಲಿಕಲ್ಲಿನ ಖಡಿ ತುಂಬಿದ ಟಿಪ್ಪರ್‌ಗಳು ಕಲ್ಲಿನ ಖಣಿಯಿಂದ ಹೊರಟು ಇದೇ ದಾರಿಯಲ್ಲಿ ಮುದ್ದೇಬಿಹಾಳದ ಕಡೆಗೆ ಹೋಗುತ್ತವೆ. ಇಳಿಸಿ, ಖಾಲಿಯಾಗಿ ಇದೇ ದಾರಿಯಲ್ಲಿ ಮರಳುತ್ತವೆ.

"ಒಂದು ತಾಸು ಅಳದೇನ್ರಿ," ಎಂದರು ಸಂಜೀವಕುಮಾರ, ಕೈಯಲ್ಲಿದ್ದ ವೇಗ ಅಳೆಯುವ ಯಂತ್ರವನ್ನು ತೋರಿಸಿ. "ಒಂದು ಗಾಡೀನೂ ಮೂವತ್ತು ದಾಟಿಲ್ಲ."

ವಿಜ್ಞಾನದ ಶಿಕ್ಷಕಿ ಸುನಂದಾಗೆ ಸಿಟ್ಟು ಬೇಗ ಬರುವುದಿಲ್ಲ. ಬಂದರೆ ಬೇಗ ಇಳಿಯುವುದೂ ಇಲ್ಲ. ಆ ಒಂದು ತಾಸು ಅವಳೂ ಗೇಟಿನಲ್ಲೇ ನಿಂತಿದ್ದಳು. ತುಂಬಿದ ಗಾಡಿಗಳು ಒಂದರ ಹಿಂದೊಂದು ತೇಕುತ್ತ ಹೋಗಿದ್ದವು. ಒಂದೂ ಮರಳಿ ಬಂದಿರಲಿಲ್ಲ.

"ಹೋದ ಗಾಡಿ ಹೋದ್ವು. ಬರೂ ಗಾಡಿ ಎಲ್ಲಿ ಅದಾವ್ರಿ?" ಎಂದು ಕೇಳಿದಳು.

ಉತ್ತರ ಕೊಟ್ಟವನು ಖಡಿ ಗುತ್ತಿಗೆದಾರನ ಮುಕಾದಮ ಬಾಬುಲಾಲ; ಗಾಡಿಗಳ ಉಸ್ತುವಾರಿ ಅವನದು. ಬೆಳಗಿನಿಂದ ಅವನ ಫೋನು ಕಿವಿ ಬಿಟ್ಟು ಇಳಿದಿರಲಿಲ್ಲ. "ಡ್ರೈವರ್ ಮಂದಿ ಎಲ್ಲೋ ಚಾ ಕುಡ್ಯಾಕ ನಿಂತಿರಬೇಕ್ರಿ ಅಕ್ಕೋರ."

"ಎಲ್ಲಾರಿಗೂ ಒಮ್ಮೆಲೇ ನೀರಡಿಸ್ತೇನು?" ಎಂದಿತು ಹಿಂದಿನಿಂದ ಒಂದು ದನಿ. ಐಶ್ವರ್ಯಳ ತಾಯಿ ಹುಲಿಗೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನಿಂತಿದ್ದಳು. "ಪೋನ್ ಹಚ್ಚಿ ತಡದಾನ್ರಿ ಇಂವ. ಸಾಹೇಬ್ರ ಹೋಗೂತನ ಬರಬ್ಯಾಡ್ರಿ ಅಂದಾನ."

ಬಾಬುಲಾಲ ಮುಖ ಗಂಟು ಹಾಕಿಕೊಂಡು ಫೋನನ್ನು ಎಂಜಿನಿಯರರ ಮುಂದೆ ಹಿಡಿದ. "ಸುಳ್ಳ ಮಾತ್ಯಾಕ್ರಿ? ಗಾಡಿಗೆ ಜಿಪಿಎಸ್ ಐತಿ. ನೋಡ್ರಿ, ನಿನ್ನಿ ಇಡೀ ದಿನದ ಸರಾಸರಿ ಇಪ್ಪತ್ತಾರು."

"ಅದರಾಗ ಖಡಿ ತುಂಬೂತನ ನಿಂತದ್ದೂ ಸೇರೇತಿ, ನೀವು ಊಟಕ್ಕ ನಿಂತದ್ದೂ ಸೇರೇತಿ," ಎಂದಳು ಸುನಂದಾ. ದನಿ ಏರಿತ್ತು. "ಸರಾಸರೀನ ಬೇಕಂದ್ರ ನಾನೂ ಒಂದು ಹೇಳ್ತೇನಿ. ಗಾಡಿ ಖಣಿಯಿಂದ ಹೊಂಟು ಸಂಜಿಗೆ ಖಣಿಗೇ ಬರ್ತೈತಿ. ಹೊಂಟ ಜಾಗಾ, ಮುಟ್ಟಿದ ಜಾಗಾ ಒಂದ. ಸ್ಥಾನಪಲ್ಲಟ ಸೊನ್ನಿ. ಸರಾಸರಿ ವೇಗಾನೂ ಸೊನ್ನಿ. ಹಂಗಂದ್ರ ಐಶ್ವರ್ಯಾನ ಕಾಲು ಮುರದ ಗಾಡಿ ಜಾಗಾ ಬಿಟ್ಟು ಕದಲೇ ಇಲ್ಲೇನ್ರಿ?"

ಸಂಜೀವಕುಮಾರ ನಕ್ಕರು. "ಅವು ಪುಸ್ತಕದ ಮಾತು, ಮೇಡಂ."

"ಪುಸ್ತಕದ್ದ ಹೌದ್ರಿ. ಹೋದ ವಾರ ನಮ್ಮ ಮಕ್ಕಳಿಗೆ ಹೇಳಿಕೊಟ್ಟೇನಿ. ನೀವೂ ಓದಿದ್ದು ಅದ. ವೇಗಕ್ಕ ದಿಕ್ಕು ಇರತೈತಿ. ನೀವು ಒಂದ ದಿಕ್ಕು ಅಳದ್ರಿ."

ಎಂಜಿನಿಯರ್ ಜೀಪಿನ ಕಡೆ ನಡೆದರು. ಹುಲಿಗೆವ್ವ ಅವರಿಗಿಂತ ಮುಂಚೆ ನಡೆದು ಜೀಪಿನ ಮುಂದೆ ನಿಂತಳು. "ಹತ್ರಿ ಸಾಹೇಬ್ರ. ನಂದೂ ಒಂದು ಕಾಲು ಮುರದ ಹೋಗ್ರಿ."

ಸುನಂದಾ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದಳು. ಆಟದ ಮೈದಾನಕ್ಕೆ ತಂದಿದ್ದ ಸುಣ್ಣ ಒಂದು ಬುಟ್ಟಿಯಲ್ಲಿತ್ತು. ಗೇಟಿನ ನೇರಕ್ಕೆ ರಸ್ತೆಯ ಅಡ್ಡ ಒಂದು ಗೆರೆ ಎಳೆಸಿ ಸೊನ್ನೆ ಬರೆಸಿದಳು. ಟೇಪು ಹಿಡಿದು ಮುದ್ದೇಬಿಹಾಳದ ಕಡೆ ನೂರು ಮೀಟರಿಗೆ ಇನ್ನೊಂದು ಗೆರೆ. ಆ ಕಡೆ ಪ್ಲಸ್, ಖಣಿಯ ಕಡೆ ಮೈನಸ್, ತರಗತಿಯಲ್ಲಿ ಕಲಿಸಿದ ಹಾಗೆಯೇ. ದೂರದ ಗೆರೆಯಲ್ಲಿ ಅನಿಲನೆಂಬ ಹುಡುಗ ಕರವಸ್ತ್ರ ಎತ್ತಿ ಹಿಡಿದು ನಿಂತ. ಗೇಟಿನ ಗೆರೆಯ ಹತ್ತಿರ ಸುನಂದಾಳ ಫೋನು ಹಿಡಿದು ಇಬ್ಬರು ಹುಡುಗಿಯರು ನಿಂತರು. ಉಳಿದವರನ್ನು ಕಂಪೌಂಡಿನ ಒಳಗೆ ಕಳಿಸಿದಳು.

ಚಹಾ ಎಷ್ಟು ಹೊತ್ತು ಕುಡಿದಾರು? ಟ್ರಿಪ್ ತಪ್ಪಿದರೆ ಕೂಲಿ ತಪ್ಪುತ್ತದೆ. ಹನ್ನೆರಡು ದಾಟುತ್ತಲೇ ಮೊದಲ ಖಾಲಿ ಟಿಪ್ಪರ್ ಬಂತು. ಡಬ್ಬಿ ಬಡಿದ ಹಾಗೆ ಅದರ ಹಿಂಬದಿ ಕುಣಿಯುತ್ತಿತ್ತು. ಗಾಡಿ ದೂರದ ಗೆರೆ ದಾಟುತ್ತಲೇ ಅನಿಲ ಕರವಸ್ತ್ರ ಇಳಿಸಿದ, ಹುಡುಗಿಯರು ಫೋನಿನಲ್ಲಿ ಸೆಕೆಂಡು ಎಣಿಸತೊಡಗಿದರು. ಗಾಡಿ ಗೇಟು ದಾಟಿ ಹೋದ ಮೇಲೆ ಧೂಳು ಬಂದು ಎಲ್ಲರ ಮುಖಕ್ಕೆ ಬಡಿಯಿತು.

"ಐದು ಸೆಕೆಂಡ್, ಅಕ್ಕೋರ!" ಎಂದು ಕೂಗಿದಳು ಫೋನು ಹಿಡಿದವಳು.

ಅನಿಲ ಓಡಿ ಬಂದು ಸುಣ್ಣದಲ್ಲಿ ಕಂಪೌಂಡಿನ ಗೋಡೆಯ ಮೇಲೆ ಬರೆದ. ನೂರರಿಂದ ಸೊನ್ನೆಗೆ. ಸ್ಥಾನಪಲ್ಲಟ ಮೈನಸ್ ನೂರು. "ವೇಗ ಸೆಕೆಂಡಿಗೆ ಮೈನಸ್ ಇಪ್ಪತ್ತು ಮೀಟರ್ ಬಂತ್ರಿ."

"ಮೈನಸ್ ಅಂದ್ರ ಸೊನ್ನಿಗಿಂತ ಕಡಿಮಿ ಆತಲ್ರಿ!" ಎಂದ ಬಾಬುಲಾಲ.

"ಮೈನಸ್ ಅಂದ್ರ ಯಾ ಕಡೆ ಹೊಂಟೈತಿ ಅಂತ, ಬಾಬುಲಾಲ್ ಅವ್ರ. ಕಾಲು ಮುರಿಯಾಕ ಪ್ಲಸ್ಸ ಆಗಬೇಕಂತೇನಿಲ್ಲ." ಸುನಂದಾ ಎಂಜಿನಿಯರರ ಕಡೆ ತಿರುಗಿದಳು. "ತಾಸಿಗೆ ಎಪ್ಪತ್ತೆರಡು ಕಿಲೋಮೀಟರ್. ಸಾಲಿ ಮುಂದ. ಇನ್ನೊಂದು ಬರಾಕತ್ತೇತಿ ನೋಡ್ರಿ, ನಿಮ್ಮ ಯಂತ್ರ ಹಿಡೀರಿ."

ಸಂಜೀವಕುಮಾರ ಯಂತ್ರವನ್ನು ನೋಡಿದರು, ರಸ್ತೆಯನ್ನು ನೋಡಿದರು. "ಸೆಲ್ ಮುಗದಾವ್ರಿ," ಎಂದರು.

ಎರಡನೆಯ ಗಾಡಿ ಹೋಯಿತು. ಮೂರನೆಯದು ಹೋಯಿತು. ಯಂತ್ರ ಅವರ ಕಂಕುಳಲ್ಲೇ ಇತ್ತು.

"ಸೆಲ್ ಅಲ್ರಿ ಮುಗದದ್ದು," ಎಂದಳು ಹುಲಿಗೆವ್ವ. "ನಾಚಿಕಿ."

ಜೀಪಿನ ಮುಂದಿನಿಂದ ಅವಳು ಸರಿಯಲಿಲ್ಲ. ಅಷ್ಟರಲ್ಲಿ ಹೊಲಕ್ಕೆ ಹೊರಟಿದ್ದವರೂ ನಿಂತರು, ಬಸ್ಸಿಗೆ ಕಾಯುತ್ತಿದ್ದವರೂ ಎದ್ದು ಬಂದರು. ಒಂದು ಗಂಟೆಗೆ ಸಂಜೀವಕುಮಾರ ಕೈ ಎತ್ತಿದರು. "ಹಂಪ್ ಹಾಕಸ್ತೇನ್ರಿ. ಅಷ್ಟ ಅಲ್ಲ? ದಾರಿ ಬಿಡ್ರಿ."

ದಾರಿ ಬಿಟ್ಟರು.

ಗುರುವಾರದ ಹೊತ್ತಿಗೆ ಹಂಪ್ ಬಿದ್ದಿತ್ತು. ಬೆಳಗ್ಗೆ ಶಾಲೆಗೆ ಬಂದ ಸುನಂದಾ ರಸ್ತೆಯಲ್ಲೇ ನಿಂತುಬಿಟ್ಟಳು. ಡಾಂಬರಿನ ಉಬ್ಬು ಒಂದು ಅಂಚಿನಿಂದ ಹೊರಟು ರಸ್ತೆಯ ನಡುವಿಗೆ ಮುಗಿದಿತ್ತು. ತುಂಬಿದ ಗಾಡಿ ತೇಕುತ್ತ ಹೋಗುವ ಬದಿಗೆ ಹಂಪ್ ಇತ್ತು. ಖಾಲಿ ಗಾಡಿ ಹಾರಿ ಬರುವ ಬದಿ ಹಾಗೆಯೇ ನುಣುಪಾಗಿತ್ತು.

ಎಂಜಿನಿಯರರಿಗೆ ಫೋನು ಮಾಡಿದಳು.

"ನನ್ನ ಅಳತಿ ಆ ಬಾಜೂದ್ದ ಐತ್ರಿ ಮೇಡಂ," ಎಂದರು ಸಂಜೀವಕುಮಾರ. "ಮಕ್ಕಳ ಲೆಕ್ಕ ಕಾಗದಕ್ಕ ಬರಂಗಿಲ್ಲ. ಕಾಗದ ಹೆಂಗೈತೋ ಕೆಲಸ ಹಂಗ."

ಸುನಂದಾ ಪಾಠ ಬಿಟ್ಟು ಹುಲಿಗೆವ್ವನ ಮನೆಗೆ ಹೋಗಿ ವಿಷಯ ಹೇಳಿದಳು. ಐಶ್ವರ್ಯ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಹೊರಸಿನ ಮೇಲೆ ಮಲಗಿದ್ದಳು. ಹುಲಿಗೆವ್ವ ಮಗಳನ್ನು ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸಿದಳು. "ಏಳವ್ವ. ಹೊರಸು ಬೇಕಾಗೇತಿ."

ಹೊರಸಿನ ಒಂದು ಬದಿ ಹುಲಿಗೆವ್ವ ಹಿಡಿದಳು, ಇನ್ನೊಂದು ಬದಿ ಸುನಂದಾ.

ಹಂಪ್ ಮುಗಿದ ಜಾಗದ ಆಚೆ, ಖಾಲಿ ಗಾಡಿ ಬರುವ ಬದಿಗೆ ಹೊರಸು ಅಡ್ಡ ಬಿತ್ತು. ಅದರ ಮೇಲೆ ಇಬ್ಬರೂ ಕೂತರು. ಮಧ್ಯಾಹ್ನದ ಹೊತ್ತಿಗೆ ಮುದ್ದೇಬಿಹಾಳದ ಕಡೆಯಿಂದ ಬಂದ ಒಂಬತ್ತು ಖಾಲಿ ಟಿಪ್ಪರ್‌ಗಳು ಸಾಲಾಗಿ ನಿಂತಿದ್ದವು.