ಎರಡು ಪಟ್ಟು ಅಗಲ

"ಇನ್ನೊಂದು ಡಬ್ಬಿ ಸುರೀರಿ, ಕಾಕಾ," ಎಂದಳು ಶುಭದಾ.

ಈರಪ್ಪ ಬಾವಿಕಟ್ಟೆಯ ಮೇಲೆ ಕೂತು ಸಣ್ಣ ಡಬ್ಬಿಯ ನೀರನ್ನು ದೊಡ್ಡ ಡಬ್ಬಿಗೆ ಸುರಿಯುತ್ತಿದ್ದ. ಎರಡರ ಎತ್ತರವೂ ಒಂದೇ. ದೊಡ್ಡದರ ಅಗಲ ಮಾತ್ರ ಸಣ್ಣದರ ಎರಡು ಪಟ್ಟು. ಎರಡು ಸಲ ಸುರಿದಾಗ ನೀರು ಅರ್ಧಕ್ಕೇ ನಿಂತಿತು. ಮೂರನೆಯದನ್ನೂ ಸುರಿದ. ನಾಲ್ಕನೆಯದಕ್ಕೆ ಕಂಠದವರೆಗೆ ಬಂತು.

"ನಾಕು," ಎಂದ, ಡಬ್ಬಿಯನ್ನೇ ನೋಡುತ್ತ.

ಶಿರೂರಿನ ಆಚೆಯ ಆ ಹಳ್ಳಿಯಲ್ಲಿ ಅವನು ಇಪ್ಪತ್ತೆರಡು ವರ್ಷಗಳಿಂದ ನೀರಗಂಟಿ. ಎರಡು ಓಣಿಯ ಜನ ಕುಡಿಯುವ ಆ ಬಾವಿಗೆ ದಿನಾ ಎರಡು ಚಮಚ ಬ್ಲೀಚಿಂಗ್ ಪುಡಿ ಕಲಸಿ ಬಿಡುತ್ತಿದ್ದ. ಕುಸಿಯುತ್ತಿದ್ದ ಬಾವಿಯನ್ನು ಹೋದ ಬೇಸಿಗೆಯಲ್ಲಿ ಅಗಲ ಮಾಡಿ ಕಟ್ಟಿದರು. ಎರಡು ಮೀಟರ್ ಇದ್ದದ್ದು ನಾಲ್ಕಾಯಿತು. ಯಾರೂ ಹೇಳದಿದ್ದರೂ ಅವನೇ ಯೋಚಿಸಿ ಪುಡಿಯನ್ನು ನಾಲ್ಕು ಚಮಚಕ್ಕೆ ಏರಿಸಿದ್ದ. ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಮೊದಲ ಮಳೆಯಾದ ಮೇಲೆ ಏಳು ಜನಕ್ಕೆ ವಾಂತಿಭೇದಿ ಹಿಡಿಯಿತು. ಆರು ಜನ ಚೇತರಿಸಿಕೊಂಡರು. ಬನಶಂಕರಿಯ ಮಗಳು, ಆರನೆಯ ಇಯತ್ತೆಯ ಗೀತಾಂಜಲಿ ಮಾತ್ರ ಇನ್ನೂ ಬಾಗಲಕೋಟೆಯ ದವಾಖಾನೆಯಲ್ಲಿದ್ದಳು.

ಆರೋಗ್ಯ ಸಹಾಯಕಿ ಶುಭದಾ ಬೆಳಿಗ್ಗೆ ಬಂದು ಬಾವಿ ಅಳೆದು, ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬಿಡಿಸಿದ್ದಳು. ಅರ್ಧ ಅಗಲವನ್ನು ಅದರಿಂದಲೇ ಗುಣಿಸಿ, ಮತ್ತೆ ಮೂರು ಚಿಲ್ಲರೆಯಿಂದ ಗುಣಿಸಿ, ಕೊನೆಗೆ ನೀರಿನ ಆಳದಿಂದ ಗುಣಿಸಬೇಕು. ಹಳೆಯ ಬಾವಿಯಲ್ಲಿ ಒಂಬತ್ತು ಸಾವಿರದ ನಾಲ್ಕುನೂರು ಲೀಟರ್. ಈಗ ಮೂವತ್ತೇಳು ಸಾವಿರಕ್ಕೂ ಮೇಲೆ. ಈರಪ್ಪ ನಂಬಿರಲಿಲ್ಲ. ಅದಕ್ಕೇ ಡಬ್ಬಿ ತರಿಸಿದ್ದಳು.

"ಎಂಟು ಚಮಚ ಬೇಕಾಗಿತ್ತಲ್ರಿ ಅಕ್ಕಾರ..."

"ನಿಮಗ ಯಾರೂ ಹೇಳಿಕೊಟ್ಟಿದ್ದಿಲ್ಲ, ಕಾಕಾ. ಬ್ಯಾನಿ ಎಲ್ಲಿಂದ ಬಂತು ಅನ್ನೂದು ಇನ್ನೂ ಖಾತ್ರಿ ಆಗಿಲ್ಲ. ನಾ ಊರಾಗ ಏನೂ ಹೇಳಂಗಿಲ್ಲ."

"ಹೇಳಬ್ಯಾಡ್ರಿ. ನಾನ ಹೇಳ್ತೇನಿ."

ಎಂಟು ಚಮಚ ಅಳೆದು ಹಾಕಿ, ಅಂಗಿ ಬದಲಿಸಿ ಬಾಗಲಕೋಟೆಯ ಹತ್ತು ಗಂಟೆಯ ಬಸ್ಸು ಹತ್ತಿದ.

ಹುಡುಗಿಯ ಕೈಗೆ ಸಲಾಯಿನ್ ಹಚ್ಚಿತ್ತು. ಈರಪ್ಪ ಕುಳಿತುಕೊಳ್ಳಲಿಲ್ಲ.

"ಬಾವಿಗಿ ಪುಡಿ ಕಡಿಮಿ ಬಿದ್ದಿತ್ತವ್ವಾ ಬನಶಂಕರಿ. ತಪ್ಪು ನಂದು. ಅಗಲ ಎರಡು ಪಟ್ಟಾದ್ರ ನೀರೂ ಎರಡು ಪಟ್ಟು ಅಂತ ತಿಳಕೊಂಡಿದ್ದೆ. ನಾಕು ಪಟ್ಟು ಆಗ್ತೈತಂತ."

ಬನಶಂಕರಿ ಎದ್ದು ನಿಂತಳು. "ಮೊನ್ನಿ ಈಕಿ ಕಣ್ಣು ಮ್ಯಾಲ ಮಾಡಿದ್ಳು, ಗೊತ್ತೈತೇನ್ರಿ ನಿಮಗ?"

ಪಕ್ಕದ ಮಂಚದವರು ತಿರುಗಿ ನೋಡಿದರು. ಈರಪ್ಪ ತಲೆ ತಗ್ಗಿಸಿದ, ಆದರೆ ಅಲ್ಲಿಂದ ಹೋಗಲಿಲ್ಲ. ಬನಶಂಕರಿ ಮಗಳ ಹೊದಿಕೆ ಸರಿಮಾಡಿ ಕೇಳಿದಳು:

"ಇವತ್ತ ಎಷ್ಟು ಹಾಕೀರಿ?"

"ಎಂಟು."

"ಅವ್ವಾ, ನೀರು," ಎಂದಳು ಗೀತಾಂಜಲಿ, ಕಣ್ಣು ತೆರೆಯದೆ.

ಬನಶಂಕರಿ ಕಾಯಿಸಿ ಆರಿಸಿದ ನೀರನ್ನು ಲೋಟಕ್ಕೆ ಬಗ್ಗಿಸಿದಳು. ಒಂದು ಕ್ಷಣ ನಿಂತು, ಲೋಟವನ್ನು ಅವನ ಕಡೆಗೆ ಚಾಚಿದಳು.

"ನಾ ತಲಿ ಎತ್ತಿ ಹಿಡೀತೇನಿ. ನೀವು ಕುಡಸ್ರಿ."

ಈರಪ್ಪ ಎರಡೂ ಕೈಗಳನ್ನು ಧೋತರಕ್ಕೆ ಒರೆಸಿಕೊಂಡು ಲೋಟ ತೆಗೆದುಕೊಂಡ. ಹುಡುಗಿ ಒಂದು ಗುಟುಕು ಕುಡಿದು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. ಅವಳು ಮತ್ತೆ ಬಾಯಿ ತೆರೆಯುವವರೆಗೂ ಅವನು ಲೋಟ ಅಲುಗದಂತೆ ಹಿಡಿದುಕೊಂಡೇ ಇದ್ದ.