ಮುಂದಿನ ಶಾಫ್ಟು ಬಿಚ್ಚಿದವನು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಹೆಂಡತಿ ಭಾಗ್ಯ ಹೇಳುತ್ತಾಳೆ. ಕಟ್ಟಿಕೊಂಡವಳು ಹೇಳಿದ್ದು ಸುಳ್ಳಾಗುವುದುಂಟೆ? ಲೇತಿನ ಮುಂದೆ ನಿಂತಿರುವಾಗ ಯಾರಾದರೂ ಬಂದು ‘ಇನ್ನೆಷ್ಟು ಹೊತ್ತು’ ಅಂದರೆ ಸಾಕು, ಮೈ ಉರಿದುಹೋಗುತ್ತದೆ. ‘ಸ್ವಲ್ಪ ತಾಳು’ ಅಂದರೆ ಇನ್ನೂ ಉರಿಯುತ್ತದೆ. ಆ ಹಾಳು ಕೋಪ ಒಂದು ಮನೆಯನ್ನೇ ಮುರಿಯಿತು. ಮುರಿದದ್ದು ನನ್ನ ಮನೆಯಾಗಿದ್ದರೆ ಮಾಡಿದ್ದುಣ್ಣೋ ಮಹರಾಯ ಎಂದು ಸುಮ್ಮನಿರುತ್ತಿದ್ದೆ.

ನಾನು ಉಡಿಗಾಲದ ರಂಗರಾಜು. ಚಾಮರಾಜನಗರದಲ್ಲಿ ಸಂತೆಮರಹಳ್ಳಿ ರಸ್ತೆಯಲ್ಲಿ ಗುಲಾಮ್ ಮೊಹಿದ್ದೀನಣ್ಣನ ಗ್ಯಾರೇಜು. ಅದರ ಹಿಂದಿನ ತಗಡಿನ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ನಾನು ಕಬ್ಬಿಣ ಕಡೆಯುವ ಲೇತು ಓಡಿಸಿದೆ. ಅಣ್ಣ ಜೀಪಿನ ಉಸ್ತಾದ್. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಹಳೇ ಜೀಪುಗಳನ್ನು ಹಿಂದಿನ ಎರಡೇ ಗಾಲಿಗೆ ಇಳಿಸುವುದು ನಮ್ಮ ನಿತ್ಯದ ಕೆಲಸ. ಡೀಸೆಲ್ ಉಳಿಯುತ್ತದೆ ಎಂದು ಜನ ಹುಡುಕಿಕೊಂಡು ಬರುತ್ತಿದ್ದರು. ಮುಂದಿನ ಗಾಲಿಗೆ ಬಲ ಒಯ್ಯುವ ಶಾಫ್ಟು ಎಳೆದುಹಾಕು, ತೂತಿಗೊಂದು ತಗಡಿನ ಬಿಲ್ಲೆ ಬಡಿ, ಮುಗಿಯಿತು. ಜೀಪಿನ ಗಾಲಿ ತನ್ನ ಬೇರಿಂಗಿನ ಮೇಲೆ ತಾನೇ ಕೂತಿರುತ್ತದೆ. ಶಾಫ್ಟು ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಅಂಥ ನೂರಾರು ಶಾಫ್ಟು ನನ್ನ ಕೈಯಾರೆ ಬಿಚ್ಚಿದ್ದೇನೆ.

ಎರಡು ಸಾವಿರದ ಆರರ ಹೊತ್ತಿಗೆ ಆ ಜೀಪುಗಳೆಲ್ಲ ಗುಜರಿ ಸೇರಿದವು. ಹೊಸ ಗಾಡಿಗಳು ಮೈಸೂರಿನ ಶೋರೂಮಿಗೆ ಹೋಗತೊಡಗಿದವು. ಅಣ್ಣನಿಗೆ ಒಬ್ಬನೇ ಮಗ, ಫೈಸಲ್. ಇಪ್ಪತ್ತನಾಲ್ಕು ವರ್ಷ, ಸ್ಟೇರಿಂಗ್ ಹಿಡಿದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಗಾಡಿ ಓಡಿಸುವ ಹುಡುಗ. ಅಪ್ಪನ ಪಕ್ಕದಲ್ಲೇ ಗ್ಯಾರೇಜಿನಲ್ಲಿ ಇರಬೇಕು ಎಂದು ಅವನಿಗೂ ಆಸೆ. ಆದರೆ ಅವನ ಅಮ್ಮ ಜಮೀಲಕ್ಕನಿಗೆ ಸಾಕಾಗಿತ್ತು. ಒಂದು ದಿನ ಊಟದ ಡಬ್ಬ ತಂದಿಟ್ಟು, ಗಂಡನಿಗೆ ಕೇಳಲಿ ಎಂದೇ ನನ್ನ ಹತ್ತಿರ ಹೇಳಿದಳು.

“ರಂಗಣ್ಣ, ಇನ್ನೊಂದೇ ಒಂದು ಗಾಡಿ ಬರೋವರೆಗೆ ಕಾದು ನೋಡ್ತೀನಿ. ಅದು ಸರಿಯಾಗಿ ಓಡಿ ಇವರ ಹೆಸರು ನಿಂತ್ರೆ, ಮಗ ಇವರ ಹತ್ರ ಇರ್ಲಿ. ಇಲ್ದಿದ್ರೆ ಗುಂಡ್ಲುಪೇಟೆಗೆ ಕರ್ಕೊಂಡು ಹೋಗ್ತೀನಿ. ಅಮೀನ್ ಭಾಯ್ ಪಾತ್ರೆ ಅಂಗಡೀಲಿ ಕೂತ್ಕೊಳ್ಳಲಿ.”

ಅಮೀನ್ ಅವಳ ಅಣ್ಣ. ಮೊಹಿದ್ದೀನಣ್ಣ ತಲೆ ಎತ್ತದೆ ಸ್ಪ್ಯಾನರ್ ಒರೆಸುತ್ತಾ ಕೂತ. ಆ ಹುಡುಗ ಪಾತ್ರೆ ಅಂಗಡಿಯಲ್ಲಿ ಕೂತು ಸ್ಟೀಲ್ ಲೋಟ ಎಣಿಸುವುದನ್ನು ನೆನೆದರೆ ನನಗೇ ಸಂಕಟವಾಯಿತು. ಅಪ್ಪನಿಗೆ ಇನ್ನು ಹೇಗಾಗಿರಬೇಡ.

ಹಾಗಿರುವಾಗ ಬಂತು ಆ ನೀಲಿ ಕಾರು. ಗುಂಡ್ಲುಪೇಟೆಯಲ್ಲಿ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತಿದ್ದ ಕೇರಳದ ಬತ್ತೇರಿ ಕಡೆಯ ಸಾಹುಕಾರರೊಬ್ಬರದು. ಅವರಿಗೆ ಕಾರಿನ ಓಟದ ಹುಚ್ಚು. ಜಪಾನಿನಿಂದ ತರಿಸಿದ ಟರ್ಬೊ ಗಾಡಿ, ನಾಲ್ಕೂ ಗಾಲಿ ಎಳೆಯುವಂಥದ್ದು. ಲಾರಿಯ ಮೇಲೆ ಏರಿಸಿಕೊಂಡು ತಂದಿದ್ದರು.

“ಮುಂದಿನ ಗಾಲಿಗೆ ಬಲ ಕೊಡುವ ಹಲ್ಲೆಲ್ಲ ಪುಡಿ. ಜಪಾನಿಂದ ಬರಬೇಕಾದ್ರೆ ಆರು ತಿಂಗಳು” ಎಂದರು ಸಾಹುಕಾರರು. “ಹಿಂದಿನ ಎರಡು ಗಾಲಿಯಲ್ಲೇ ಓಡುವ ಹಾಗೆ ಮಾಡಿಕೊಡಿ. ಮಣ್ಣಿನಲ್ಲಿ ಹಿಂಬದಿ ಜಾರಿಸಿ ಓಡಿಸಲಿಕ್ಕೆ ನನಗೂ ಅದೇ ಬೇಕು. ಇದು ಸರಿಯಾದ್ರೆ ನನ್ನ ಸ್ನೇಹಿತರ ಗಾಡಿಗಳೆಲ್ಲ ನಿಮಗೇ.”

ಅವರು ಹೋದ ಮೇಲೆ ಅಣ್ಣ ಕಾರಿನ ಬಾನೆಟ್ ಮೇಲೆ ಕೈಯಿಟ್ಟು ನಿಂತ. “ಇದು ಆಗ್ಬೇಕು ರಂಗು. ಮಗ ನನ್ನ ಪಕ್ಕದಲ್ಲಿರ್ಬೇಕು. ಇನ್ನೇನೂ ಬೇಡ ನಂಗೆ” ಎಂದ. ಅಷ್ಟು ವರ್ಷದಲ್ಲಿ ಆ ಮನುಷ್ಯ ಬಾಯಿಬಿಟ್ಟು ಏನನ್ನಾದರೂ ಬೇಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಕೆಲಸವೇನು ಸುಲಭವೇ? ಮುಂದಿನ ಶಾಫ್ಟು ಬಿಚ್ಚಿಬಿಟ್ಟರೆ ಜೀಪಿನ ಹಾಗೆ ಇದು ಓಡುವುದಿಲ್ಲ. ಗೇರ್ ಬಾಕ್ಸಿನ ಹಿಂದೆ, ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಒಂದು ಗಡ್ಡೆ ಇರುತ್ತದೆ. ಕಾಲುವೆ ಒಂದು ಕಡೆ ಒಡೆದರೆ ನೀರೆಲ್ಲ ಅತ್ತಲೇ ಹರಿದುಹೋಗುವಂತೆ, ಮುಂದೆ ಬಿಚ್ಚಿದರೆ ಬಲವೆಲ್ಲ ಅಲ್ಲೇ ಪೋಲು. ಆ ಗಡ್ಡೆಯ ಒಳಗಿನ ಹಲ್ಲುಗಳನ್ನು ಒಂದಕ್ಕೊಂದು ಬೆಸೆದು ಒಂದೇ ತುಂಡು ಮಾಡಬೇಕು. ಮೊದಲ ಸಲ ವೆಲ್ಡಿಂಗ್ ಬಿರುಕು ಬಿಟ್ಟಿತು. ಸಾಹುಕಾರರು ಒಡೆದ ಗೇರ್ ಬಾಕ್ಸೊಂದರಿಂದ ಇನ್ನೊಂದು ಗಡ್ಡೆ ತಂದುಕೊಟ್ಟರು. ಅದು ಬಿಸಿಗೆ ಸೊಟ್ಟಗಾಯಿತು. ಅದನ್ನು ಲೇತಿಗೆ ಕಟ್ಟಿ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಕೆತ್ತಿ, ನೆಟ್ಟಗೆ ಮಾಡಿದೆ. ಇಪ್ಪತ್ತೊಂದು ದಿನ ಹಿಡಿಯಿತು. ಕೂರಿಸಿ ತಿರುಗಿಸಿದಾಗ ಒಂದಿಷ್ಟೂ ಸದ್ದಿಲ್ಲ. ಅಣ್ಣ ನನ್ನನ್ನು ತಬ್ಬಿಕೊಂಡ. ಫೈಸಲ್ ಕುಣಿದುಬಿಟ್ಟ. ನನ್ನ ತಲೆ ಆಗಲೇ ತಿರುಗಿದ್ದು.

ಮಾರನೇ ದಿನ ಶುಕ್ರವಾರ. ಸಂಜೆ ಗುಂಡ್ಲುಪೇಟೆಯಲ್ಲಿ ಗಾಡಿ ಒಪ್ಪಿಸಬೇಕು. ಉಳಿದಿದ್ದು ಮುಂದಿನ ಎರಡು ಶಾಫ್ಟು ಬಿಚ್ಚುವುದೊಂದೇ. ಅಣ್ಣ ಟೋಪಿ ಹಾಕಿಕೊಂಡು ನಮಾಜಿಗೆ ಹೊರಟ.

“ರಂಗು, ಶಾಫ್ಟ್ ಮುಟ್ಬೇಡ. ಇದರ ಗಾಲಿ ಹೆಂಗೆ ಕೂತಿದೆ ಅಂತ ನಾನು ಬಂದು ನೋಡ್ತೀನಿ. ಆಮೇಲೆ ಬಿಚ್ಚೋಣ” ಎಂದ.

“ಆಯ್ತು, ಓಗಣ್ಣ” ಎಂದೆ. ಅವನು ಹೋದ. ಹತ್ತು ನಿಮಿಷ ಕೂತೆ. ಆಮೇಲೆ ನನಗೆ ಉರಿಯತೊಡಗಿತು. ಅಲ್ಲ, ಇಪ್ಪತ್ತೊಂದು ದಿನ ಕೆತ್ತಿದವನಿಗೆ ಎರಡು ಶಾಫ್ಟು ಬಿಚ್ಚಲು ಬರುವುದಿಲ್ಲವೇ? ಇದರಲ್ಲಿ ನೋಡುವುದೇನಿದೆ ಮಣ್ಣು? ಎದ್ದೆ. ದೊಡ್ಡ ನಟ್ಟು ಸಡಿಲಿಸಿದೆ, ಎರಡೂ ಶಾಫ್ಟು ಇಡಿಯಾಗಿ ಎಳೆದುಹಾಕಿದೆ, ತೂತಿಗೆ ತಗಡಿನ ಬಿಲ್ಲೆ ಕತ್ತರಿಸಿ ಬಡಿದೆ, ಗಾಲಿ ಏರಿಸಿದೆ. ಜೀಪಿನ ಹಾಗೆಯೇ.

ಗಾಲಿಯನ್ನು ಹಿಡಿದು ಅಲ್ಲಾಡಿಸಿದಾಗ ಎಡಗಡೆಯದು ‘ಟಕ್’ ಎಂದಿತು. ಕೇಳಿಸಿತು, ಕೇಳಿಸಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಮಣ್ಣುದಾರಿಯ ಗುಂಡಿಗಳಲ್ಲಿ ಓಡಿದ ಗಾಡಿ, ಬೇರಿಂಗ್ ಸವೆದಿರಬಹುದು ಎಂದುಕೊಂಡೆ.

ನಮ್ಮ ಗ್ಯಾರೇಜಿನದೊಂದು ಕಟ್ಟುಪಾಡು. ಯಾರೇ ಕೆಲಸ ಮಾಡಿರಲಿ, ಗಾಡಿ ಹೊರಗೆ ಹೋಗುವ ಮುಂಚೆ ಅಣ್ಣ ನಾಲ್ಕೂ ಗಾಲಿಯನ್ನು ತನ್ನ ಕೈಯಿಂದ ಅಲ್ಲಾಡಿಸಿ ನೋಡಲೇಬೇಕು. ನಮಾಜಿನಿಂದ ಬಂದವನು ಬಿಚ್ಚಿದ ಶಾಫ್ಟು ನೋಡಿ ಹುಬ್ಬು ಗಂಟಿಕ್ಕಿದ.

“ಬಿಚ್ಬುಟ್ಯಾ?”

“ಬಿಚ್ದೆ ಕಣಣ್ಣ. ಎಲ್ಲಾ ಟೈಟಾಗದೆ.”

ಅವನು ಬಗ್ಗಿ ಎಡಗಡೆಯ ಗಾಲಿಯ ಮೇಲೆ ಕೈಯಿಟ್ಟ. ನನಗೆ ಎಲ್ಲಿತ್ತೋ ಆ ಸಿಟ್ಟು.

“ಏನಣ್ಣ, ಇಪ್ಪತ್ತೆರಡು ವರ್ಸ ಆದ್ಮೇಲೂ ನನ್ ಕೆಲ್ಸದ ಮೇಲೆ ನಂಬ್ಕೆ ಇಲ್ವಾ? ಇಲ್ದಿದ್ರೆ ಏಳ್ಬುಡು, ಲೇತು ಬುಟ್ಟು ಓಯ್ತೀನಿ.”

ಅಣ್ಣ ನಕ್ಕ. ಕೈ ತೆಗೆದ. “ತುಮಾರಾ ಗುಸ್ಸಾ! ಎಂಥಾ ಕೋಪನಪ್ಪಾ ನಿಂದು! ಆಯ್ತು ಮಾರಾಯ, ನಡಿ” ಎಂದ. ಆ ಕೈ ಗಾಲಿಯ ಮೇಲೆ ಇನ್ನೊಂದು ಗಳಿಗೆ ಇದ್ದಿದ್ದರೆ ಅವನಿಗೆ ತಿಳಿದುಹೋಗುತ್ತಿತ್ತು.

ಕಾರನ್ನು ಫೈಸಲ್ ಓಡಿಸಿದ. ಅಣ್ಣ, ನಾನು ನಮ್ಮ ಜೀಪಿನಲ್ಲಿ ಹಿಂದೆ. ತೆರಕಣಾಂಬಿ ದಾಟುವವರೆಗೆ ಮೆಲ್ಲಗೆ ಹೋದ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಬಳಿ ಸಾಹುಕಾರರು ಕಾಯುತ್ತಿದ್ದರು. ಕಾರಿನ ಸುತ್ತ ಒಂದು ಸುತ್ತು ಬಂದು, “ಮೋನೇ, ಬೇಗೂರಿನ ಕಡೆಗೆ ಹೈವೇಯಲ್ಲಿ ಒಂದ್ಸಲ ಎಳೆದು ತೋರಿಸು. ಹಿಂದಿನಿಂದ ನೋಡ್ತೇನೆ” ಎಂದು ನಮ್ಮ ಜೀಪು ಹತ್ತಿದರು.

ಊರು ದಾಟಿದ್ದೇ ಫೈಸಲ್ ಕಾಲು ಒತ್ತಿದ. ಟರ್ಬೊ ಸಿಳ್ಳೆ ಹಾಕಿತು, ಹಿಂದಿನ ಗಾಲಿ ಎರಡೂ ನೆಲ ಕೆರೆದು ಕಾರನ್ನು ಮುಂದಕ್ಕೆ ನೂಕಿದವು. ಸಾಹುಕಾರರು ತೊಡೆ ತಟ್ಟಿದರು. ಅಣ್ಣನ ಕಣ್ಣಲ್ಲಿ ನೀರು. ಒಂದು ಕೈ ಸ್ಟೇರಿಂಗಿನಲ್ಲಿಟ್ಟು ಇನ್ನೊಂದರಲ್ಲಿ ನನ್ನ ತೊಡೆ ಹಿಡಿದು, “ಜಮೀಲಾ ಏನ್ ಹೇಳ್ತಾಳೆ ಈಗ, ಹೇಳು” ಎಂದ.

ಬೇಗೂರು ಇನ್ನೂ ಎರಡು ಮೈಲಿ ಇತ್ತು. ನೀಲಿ ಕಾರಿನ ಎಡ ಮುಂಗಾಲಿ ಕಳಚಿ, ತನ್ನಷ್ಟಕ್ಕೆ ತಾನು ಉರುಳುತ್ತಾ ಸೂರ್ಯಕಾಂತಿ ಹೊಲಕ್ಕೆ ಇಳಿಯಿತು. ಕಾರು ರಸ್ತೆಗೆ ಮೂಗು ಊರಿ, ತಿರುಗಿ, ಹುಣಸೆ ಮರಕ್ಕೆ ಬಡಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಣ್ಣ ಬ್ರೇಕು ಒತ್ತಿ, ಜೀಪು ಪೂರ್ತಿ ನಿಲ್ಲುವ ಮೊದಲೇ ಹಾರಿ ಓಡಿದ. ನಾನು ಓಡಲಿಲ್ಲ. ಜೀಪಿನಲ್ಲೇ ಕೂತಿದ್ದೆ.

ಫೈಸಲ್ ಬದುಕಿದ. ಮೈಸೂರಿನ ಆಸ್ಪತ್ರೆಯಲ್ಲಿ ಬಲಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಿದರು.

ಮರುದಿನ ಮಧ್ಯಾಹ್ನ ಆಸ್ಪತ್ರೆಯ ವರಾಂಡದಲ್ಲಿ ಅಣ್ಣ, ಜಮೀಲಕ್ಕ, ಅಮೀನ್, ನಾನು ಕೂತಿದ್ದೆವು. ಸಾಹುಕಾರರು ಗೋಣಿಚೀಲದಲ್ಲಿ ಆ ಗಾಲಿಯ ನಡುವಿನ ಉಕ್ಕಿನ ತುಂಡನ್ನು ಸುತ್ತಿ ತಂದರು. ಅಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ತಗಡಿನ ಬಿಲ್ಲೆ ಕಿತ್ತು, ತೂತಿನೊಳಗೆ ಬೆರಳು ಹಾಕಿದ. ಅವನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.

“ಇದರ ಬೇರಿಂಗನ್ನ ಹಿಡಿದಿಡೋದೇ ಶಾಫ್ಟಿನ ತುದಿ” ಎಂದ. “ತುದಿ ಕತ್ತರಿಸಿ ಇದರಲ್ಲೇ ಬಿಟ್ಟು ನಟ್ಟು ಬಿಗೀಬೇಕಿತ್ತು.”

ನನ್ನ ಲೇತಿನಲ್ಲಿ ಅದು ಅರ್ಧ ಗಂಟೆಯ ಕೆಲಸ. ಅರ್ಧ ಗಂಟೆ!

“ಪೂರ್ತಿ ತೆಗೆದದ್ದು ಯಾರು?” ಎಂದು ಸಾಹುಕಾರರು ಕೇಳಿದರು.

ಅಣ್ಣ ನನ್ನ ಮುಖ ನೋಡಿದ. ಬೈಗುಳದ ನೋಟವಲ್ಲ. ನೀನೇ ಹೇಳು ಎನ್ನುವ ಹಾಗೆ ಸ್ವಲ್ಪ ಹೊತ್ತು ಕಾದ. ನನ್ನ ಬಾಯಿ ತೆರೆಯಿತು, ನಾಲಿಗೆ ಅಂಟಿಕೊಂಡಿತ್ತು. ಊರಿಗೆಲ್ಲ ಜೋರು ಮಾಡುವ ನಾಲಿಗೆ, ಥೂ!

“ನಾನು” ಎಂದ ಮೊಹಿದ್ದೀನಣ್ಣ. “ಗ್ಯಾರೇಜು ನಂದು. ಗಾಲಿ ನೋಡ್ಬೇಕಾದೋನು ನಾನು. ನಾನೇ ಬಿಚ್ಚಿದ್ದು.”

ಜಮೀಲಕ್ಕ ಕಿರುಚಲಿಲ್ಲ. ಎದ್ದು ಬಂದು ಗಂಡನ ಮುಂದೆ ನಿಂತು, “ಇನ್ಮೇಲೆ ನನ್ನ ಮಗನ್ನ ಮುಟ್ಬೇಡಿ” ಎಂದಳು. ಅವನು ತಲೆಯಾಡಿಸಿದ. ನಾನು ಆಗಲೂ ಸುಮ್ಮನಿದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ಮೂರು ತಿಂಗಳಾಯಿತು. ಭಾಗ್ಯಳಿಗೂ ಹೇಳಲಿಲ್ಲ. ಗ್ಯಾರೇಜಿಗೆ ಒಂದು ಸೈಕಲ್ಲೂ ಬರಲಿಲ್ಲ. ಮಗನನ್ನೇ ಕುಂಟ ಮಾಡಿದವನ ಹತ್ತಿರ ಯಾರು ಗಾಡಿ ಬಿಡುತ್ತಾರೆ ಎಂದು ಟೀ ಅಂಗಡಿಯಲ್ಲಿ ಜನ ಆಡಿಕೊಳ್ಳುತ್ತಿದ್ದರು. ನಾನು ಅಲ್ಲೇ ಕೂತು ಟೀ ಕುಡಿಯುತ್ತಿದ್ದೆ.

ತಾಯಿ ಮಗ ಗುಂಡ್ಲುಪೇಟೆಯ ಅಮೀನನ ಮನೆಯಲ್ಲಿದ್ದರು. ಒಂದು ಭಾನುವಾರ ಅಣ್ಣ, “ಬಾ ರಂಗು, ಹುಡುಗನ್ನ ನೋಡ್ಕೊಂಡು ಬರೋಣ” ಎಂದ. ಬಸ್ಸಿನಲ್ಲಿ ಹೋದೆವು. ಬೀದಿಯ ತಿರುವಿನಲ್ಲಿ ಅವನು ನಿಂತುಬಿಟ್ಟ. “ನೀನು ಹೋಗು. ನಾನು ಬಂದ್ರೆ ಅವಳು ಬಾಗಿಲು ಹಾಕ್ತಾಳೆ” ಎಂದು ಅಲ್ಲಿದ್ದ ಕಟ್ಟಡದ ಸೈಜುಗಲ್ಲಿನ ಮೇಲೆ ಕೂತ. ಸಪೋಟ ಹಣ್ಣಿನ ಚೀಲವನ್ನು ನನ್ನ ಕೈಗೆ ಕೊಟ್ಟು, “ನಂದು ಅನ್ಬೇಡ” ಎಂದ.

ಫೈಸಲ್ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದ. “ಚಾಚಾ” ಎಂದ, ಅಷ್ಟೆ. ಅಪ್ಪನ ವಿಷಯ ಕೇಳಲಿಲ್ಲ. ಜಮೀಲಕ್ಕ ನನಗೆ ಟೀ ಕೊಟ್ಟು ಎದುರಿಗೆ ಕೂತಳು.

“ರಂಗಣ್ಣ, ನಿಮ್ಮನ್ನ ಒಂದು ಕೇಳ್ಬೇಕು. ಇವನು ಹಿಂಗೇ ಕೂತ್ರೆ ಹುಚ್ಚು ಹಿಡಿಯುತ್ತೆ. ಅಂಗಡಿ ಪಕ್ಕದ ಖಾಲಿ ಶೆಡ್ಡನ್ನ ಅಮೀನ್ ಭಾಯ್ ಕೊಡ್ತಾರೆ. ಲೇತು ಅಲ್ಲಿಗೆ ತನ್ನಿ. ಸ್ಟೂಲ್ ಮೇಲೆ ಕೂತು ಮಾಡೋ ಕೆಲಸ ಏನಿದೆಯೋ ಕಲಿಸಿ. ಅವರ ಕೈಗೆ ನಾನು ಇವನನ್ನ ಕೊಡಲ್ಲ. ಆ ಗ್ಯಾರೇಜಲ್ಲಿ ನಂಬೋ ಅಂಥ ಕೈ ಅಂದ್ರೆ ನಿಮ್ದೊಂದೇ.”

ಅವಳ ಕಾಲು ಹಿಡಿದು ಹೇಳಿಬಿಡಬೇಕಿತ್ತು. ಅಷ್ಟರಲ್ಲಿ ಹುಡುಗ ನನ್ನ ಕಡೆ ನೋಡಿದ. ಮೂರು ತಿಂಗಳಲ್ಲಿ ಅವನು ತಲೆ ಎತ್ತಿ ಒಂದನ್ನು ಆಸೆಯಿಂದ ನೋಡಿದ್ದು ಅದೇ ಮೊದಲಂತೆ. ಆಮೇಲೆ ಜಮೀಲಕ್ಕನೇ ಹೇಳಿದಳು.

“ಆಗ್ಲಿ ಕಣಕ್ಕ. ಕಲುಸ್ತೀನಿ” ಎಂದೆ.

ಹೊರಗೆ ಬಂದಾಗ ಅಣ್ಣ ಕಲ್ಲಿನಿಂದ ಎದ್ದು ನಿಂತ. ಎಲ್ಲವನ್ನೂ ಹೇಳಿದೆ. ಲೇತು, ಶೆಡ್ಡು, ಹುಡುಗ ನೋಡಿದ್ದು. ಅವನು ನೆಲ ನೋಡುತ್ತಾ ಕೇಳಿಸಿಕೊಂಡ.

“ಶಾಫ್ಟಿನ ವಿಷಯ ಜಮೀಲಾಗೆ ಹೇಳ್ದ್ಯಾ?” ಎಂದ ಕೊನೆಗೆ.

“ಇಲ್ಲ ಕಣಣ್ಣ” ಎಂದು ಅತ್ತುಬಿಟ್ಟೆ. “ಈಗ್ಲೇ ಓಗಿ ಏಳ್ತೀನಿ. ತಿರ್ಗಾ ಓಗನ ಬಾ.”

ಅವನು ನನ್ನ ತೋಳು ಹಿಡಿದ.

“ಮೂರು ತಿಂಗಳು ಕಾದೆ ರಂಗು. ಈಗ ಬೇಡ” ಎಂದ. “ಈಗ ಹೇಳಿದ್ರೆ ಹುಡುಗನಿಗೆ ನೀನೂ ಇರಲ್ಲ.”