ಮಲಗಿಕೊಂಡೇ ಇಳಿದ ಓನುಫ್ರಿ

ವಿನಿಪೆಗ್ ಪಟ್ಟಣದಲ್ಲೆಲ್ಲ ಎತ್ತರದ ಕಟ್ಟಡ ನಮ್ಮದು ಎಂದು ಜನ ಬೀಗುತ್ತಿದ್ದರು. ಆಮೇಲೆ ಎದುರಿನವರು ಇನ್ನೂ ಒಂದು ಮಹಡಿ ಏರಿಸಿದರು, ಅದು ಬೇರೆ ಮಾತು. ಹೆಮ್ಮೆ ಅವರಿಗೆ, ಸೊಂಟನೋವು ನಮಗೆ. ನಾನು ಅಲ್ಲಿ ಲಿಫ್ಟ್ ನಡೆಸುವವನು. ಕಟ್ಟಡ ನೋಡಿಕೊಳ್ಳುವ ಓನುಫ್ರಿ, ತನ್ನ ಹೆಂಡತಿ ಯಾವ್ದೋಖಳ ಜೊತೆ ತುತ್ತತುದಿಯ ಹನ್ನೊಂದನೇ ಮಹಡಿಯಲ್ಲಿದ್ದ. ಯಾವ ಆಫೀಸಿನವರಿಗೆ ಚಳಿಯಾದರೂ ಗಂಟೆ ಒತ್ತುತ್ತಿದ್ದರು. ಅದು ಅವನ ಕೋಣೆಯಲ್ಲೂ ಕೆಳಗಿನ ಹಜಾರದಲ್ಲೂ ಬಡಿದುಕೊಳ್ಳುತ್ತಿತ್ತು. ಅವನು ನೆಲಮಾಳಿಗೆಗೆ ಓಡಿ, ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರಿಗೆ ಕಲ್ಲಿದ್ದಲು ಸುರಿಯಬೇಕು. ಉಣ್ಣಲು ಕೂತರೂ ಗಂಟೆ, ಮಲಗಿದರೂ ಗಂಟೆ. ಜನವರಿಯ ಒಂದು ಬೆಳಿಗ್ಗೆ ಗಂಟೆ ಕೇಳಿ ಎದ್ದವನು ಒಂದು ಬೂಟು ಹಾಕಿಕೊಂಡು ಸತ್ತ.

ಶವಪೆಟ್ಟಿಗೆ ಲಿಫ್ಟಿನಲ್ಲಿ ಅಡ್ಡಡ್ಡ ಹಿಡಿಸಲಿಲ್ಲ. ಮ್ಯಾನೇಜರ್ ಕ್ರಾಂಬಿ ಗಡಿಯಾರ ನೋಡಿಕೊಂಡ.

"ಪೆಟ್ಟಿಗೇನ ಲಿಫ್ಟಲ್ಲಿ ನಿಲ್ಲಿಸಿ ತಗೊಂಡೋಗಿ, ಹಿಂದಿನ ಬಾಗಿಲಿಂದ. ಎರಡು ನಿಮಿಷದ ಕೆಲಸ."

"ನಿಲ್ಸೋದಾ?" ಯಾವ್ದೋಖ ಪೆಟ್ಟಿಗೆಗೆ ಅಡ್ಡ ನಿಂತಳು. "ಬದುಕಿದ್ದಾಗ ಒಂದಿನ ನೆಟ್ಟಗೆ ಮಲಗೋಕೆ ಬಿಟ್ರಾ ನೀವು? ಇವತ್ತಾದ್ರೂ ಮಲಗ್ಕೊಂಡೇ ಇಳೀಲಿ. ಮೆಟ್ಟಿಲ ಮೇಲೆ, ಮುಂದಿನ ಬಾಗಿಲಿಂದ."

"ಹನ್ನೊಂದು ಮಹಡಿ ಕಣಕ್ಕ," ಎಂದೆ ನಾನು. "ನನ್ನ ಸೊಂಟ ಮೊದ್ಲೇ ಹೋಗಿದೆ."

"ನಿನಗೇನು ಬಂತೋ ಧಾಡಿ? ದಿನವೆಲ್ಲ ಲಿಫ್ಟಲ್ಲಿ ಸ್ಟೂಲ್ ಮೇಲೆ ಕೂತಿರ್ತೀಯ. ಎತ್ತು, ಪನಾಸ್!"

ಎತ್ತಿದೆ. ಇನ್ನೇನು ಮಾಡಲಿ? ಇನ್ನೂ ಮೂವರು ನಮ್ಮ ಉಕ್ರೇನಿನವರೇ ಕೈಹಾಕಿದರು. ಪೆಟ್ಟಿಗೆ ವಾಲಬಾರದೆಂದರೆ ಹಿಂದಿನವರು ಬಗ್ಗಿ ಹಿಡಿಯಬೇಕು, ಮುಂದಿನವರು ಹೆಗಲಿಗೇರಿಸಬೇಕು. ಉದ್ದಗೆ ಬೆಳೆದದ್ದೇ ನನ್ನ ಗ್ರಹಚಾರ, ಮುಂದೆ ನಿಂತೆ. ತಿರುವುಗಳಲ್ಲಿ ಜೀವ ಬಾಯಿಗೆ ಬಂತು. ಅವನು ಸತ್ತ ಮೇಲೆ ಎರಡು ದಿನ ಯಾವ್ದೋಖಳೇ ಬಾಯ್ಲರ್ ನೋಡಿಕೊಂಡಿದ್ದಳು, ಇವತ್ತು ಕಲ್ಲಿದ್ದಲು ಹಾಕುವವರಿಲ್ಲ. ಆಫೀಸಿನವರು ಕೋಟು ತೊಟ್ಟು ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ಆರನೇ ಮಹಡಿಯಲ್ಲಿ ಗೋಡೆಗೊರಗಿ, "ನೀನಿಷ್ಟು ಭಾರ ಇರ್ಲಿಲ್ವಲ್ಲೋ ಮಾರಾಯ," ಎಂದು ಓನುಫ್ರಿಯನ್ನು ಬೈದೆ. ಬೈಯುತ್ತಲೇ ಅಳು ಬಂತು.

ಕೆಳಗೆ ಮುಂಬಾಗಿಲ ಅಮೃತಶಿಲೆಯ ಹೊಸ್ತಿಲಿಗೆ ಪೆಟ್ಟಿಗೆಯನ್ನು ಮೂರು ಸಲ ತಟ್ಟಲು ಬಗ್ಗಿದೆವು. ಹೋಗುವವನು ಮನೆಗೆ ಹೇಳಿ ಹೋಗಬೇಕು, ಅದು ನಮ್ಮ ಪದ್ಧತಿ.

"ಏಯ್, ಕಲ್ಲು ಬಿರುಕು ಬಿಡುತ್ತೆ!" ಕ್ರಾಂಬಿ ಕೂಗಿದ. "ಇದೇನು ಅವನ ಮನೆಯಾ?"

"ಮತ್ತೆ ಯಾರದು?" ಎಂದಳು ಯಾವ್ದೋಖ. "ದಿನಾ ಮಂಡಿಯೂರಿ ಉಜ್ಜಿದೋಳು ನಾನು. ಅದಕ್ಕೇನೂ ಆಗಲ್ಲ. ತಟ್ರೋ."

ತಟ್ಟಿದೆವು. ಮೂರನೆಯದಾದ ಮೇಲೆ ಅವಳು ಮುಚ್ಚಳದ ಮೇಲೆ ಕೈಯಿಟ್ಟಳು.

"ಇನ್ನು ಮಲಗು. ಯಾರೂ ಎಬ್ಬಿಸಲ್ಲ."

ಅಷ್ಟರಲ್ಲಿ ಹಜಾರದ ಗಂಟೆ ಬಡಿದುಕೊಂಡಿತು. ಮೇಲೆ ಯಾರಿಗೋ ಚಳಿ.

ಯಾವ್ದೋಖ ಗಕ್ಕನೆ ತಿರುಗಿದಳು. ನೆಲಮಾಳಿಗೆಯ ಕಡೆ ನಾಲ್ಕು ಹೆಜ್ಜೆ ಹೋಗಿಯೂಬಿಟ್ಟಳು. ತಡೆಯೋಣವೆಂದರೆ ನನ್ನ ಕೈಯಲ್ಲಿ ಪೆಟ್ಟಿಗೆ.

"ಅಕ್ಕಾ," ಎಂದೆ, "ಬಡ್ಕೊಳ್ಲಿ ಬಿಡು."

ಅವಳು ಅಲ್ಲೇ ನಿಂತಳು. ಆಮೇಲೆ ಮೆಲ್ಲನೆ ವಾಪಸು ಬಂದು ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. ಹೊಸ್ತಿಲು ದಾಟಿ ಹಿಮಕ್ಕೆ ಇಳಿದೆವು. ಹಿಂದೆ ಗಂಟೆ ಬಡಿದುಕೊಳ್ಳುತ್ತಲೇ ಇತ್ತು.